ಭಾನುವಾರದ ಸಂಜೆ: ಮನೆ ಟಿವಿ, ಮಾಲ್ ಸಿನಿಮಾ, ಕುಂದವಾಡ ಕೆರೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕುಂದವಾಡ ಕೆರೆಗೆ, ಅಲ್ಲಿಂದ ನೇರ ದೋಸೆ ಹೋಟೆಲಿಗೆ. ಉಳಿದದ್ದು ಯಾಕೆ ಸೋತಿತು ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿರುವುದು.

ದಾವಣಗೆರೆಯಲ್ಲಿ ನಮ್ಮದು ನಾಲ್ಕು ಜನರ ಮನೆ. ನಾನು, ನಮ್ಮನೆಯವರು, ಏಳನೇ ಕ್ಲಾಸಿನ ಮಗಳು, ಅತ್ತೆ. ಶನಿವಾರವೂ ಕೆಲಸ ಇರುವುದರಿಂದ ವಾರಕ್ಕೆಲ್ಲ ಸೇರಿ ನಮಗೆ ಸಿಗುವುದು ಭಾನುವಾರದ ಸಂಜೆ ಒಂದೇ. ಅಷ್ಟರಲ್ಲೇ ಒಂದಿಷ್ಟು ಓಡಾಟ, ಒಂದಿಷ್ಟು ನೋಡೋದು, ಹೊಟ್ಟೆ ತುಂಬ ತಿನ್ನೋದು ಎಲ್ಲ ಆಗಬೇಕು. ಐನೂರರ ನೋಟು ಮುರಿದರೆ ಚಿಲ್ಲರೆ ವಾಪಸ್ ಬರಬೇಕು. ಅತ್ತೆಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಆಗಲ್ಲ. ನಮ್ಮ ಲೆಕ್ಕ ಇದು, ನಿಮ್ಮದು ಬೇರೆ ಇರಬಹುದು.

ದೀಪಾವಳಿ ಆಫರಿನಲ್ಲಿ ನಮ್ಮನೆಯವರು ದೊಡ್ಡ ಟಿವಿ ತಂದರು, ಜೊತೆಗೆ ವರ್ಷದ ಓಟಿಟಿ ಪ್ಯಾಕ್. ಇನ್ನು ಭಾನುವಾರ ಹೊರಗೆ ಹೋಗುವುದೇ ಬೇಡ, ಸಿನಿಮಾ ಮನೆಗೆ ಬರುತ್ತೆ, ದೋಸೆಯೂ ಮನೆಗೆ ಬರುತ್ತೆ ಅನ್ನೋದು ಅವರ ಪ್ಲಾನು. ಟಿವಿ ಚೆನ್ನಾಗೇ ಇದೆ, ಸುಳ್ಳು ಹೇಳಬಾರದು. ಪ್ಯಾಕಿನಲ್ಲಿ ಮಧ್ಯೆ ಮಧ್ಯೆ ಜಾಹೀರಾತು ಬರುತ್ತೆ, ಕನ್ನಡ ಸಿನಿಮಾ ಕಡಿಮೆ, ಏನು ನೋಡೋದು ಅಂತ ಆರಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತೆ. ಅದನ್ನೆಲ್ಲ ಸಹಿಸಿಕೊಳ್ಳಬಹುದು. ಸಹಿಸೋಕೆ ಆಗದೇ ಇದ್ದದ್ದು ಪಾರ್ಸೆಲ್ ದೋಸೆ.

ಬೆಣ್ಣೆ ದೋಸೆ ಕಾವಲಿಯಿಂದ ತಟ್ಟೆಗೆ ಬಂದಾಗ ಹೇಗಿರುತ್ತೆ ಅಂತ ಈ ಊರಿನವರಿಗೆ ಹೇಳಬೇಕಾಗಿಲ್ಲ. ಅಂಚು ಗರಿಗರಿ, ಹೊಟ್ಟೆ ಮೆತ್ತಗೆ, ಮೇಲೆ ಕರಗುತ್ತಿರುವ ಬೆಣ್ಣೆ. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿನೂ ಹಾಕುತ್ತಾರಲ್ಲ, ಅದಕ್ಕೇ ಮೈಯೆಲ್ಲ ಸಣ್ಣ ಸಣ್ಣ ತೂತು, ಅಷ್ಟು ಹಗುರ. ಇಂಥದ್ದನ್ನು ಬಿಸಿ ಬಿಸಿ ಇದ್ದ ಹಾಗೇ ಮಡಚಿ, ಪ್ಲಾಸ್ಟಿಕ್ ಹಾಳೆ ಇಟ್ಟು, ಮೇಲೆ ಪೇಪರ್ ಸುತ್ತಿ, ಕವರಿಗೆ ಹಾಕಿ ಗಂಟು ಕಟ್ಟಿದರೆ ಹಬೆ ಹೋಗುವುದಾದರೂ ಎಲ್ಲಿಗೆ? ಒಳಗೇ ನೀರಾಗುತ್ತೆ, ಆ ನೀರನ್ನೆಲ್ಲ ದೋಸೆಯೇ ಕುಡಿಯುತ್ತೆ. ಡೆಲಿವರಿ ಹುಡುಗ ಎಷ್ಟೇ ಬೇಗ ಬಂದರೂ ಬಾಗಿಲಿಗೆ ಬರುವ ಹೊತ್ತಿಗೆ ಗರಿ ಅನ್ನೋದು ಹೋಗಿರುತ್ತೆ. ಬೆಣ್ಣೆ ಗಟ್ಟಿಯಾಗಿ ಪೇಪರಿಗೆ ಅಂಟಿಕೊಂಡು ನಮ್ಮ ಪಾಲಿನದು ಅಲ್ಲೇ ಉಳಿಯುತ್ತೆ. ದಾರ ಕಟ್ಟಿದ ಚಟ್ನಿ ಪ್ಯಾಕೆಟ್ ಬಿಚ್ಚಲು ಹೋದರೆ ಮೊದಲು ಸೋಫಾಕ್ಕೆ, ಆಮೇಲೆ ತಟ್ಟೆಗೆ. ಬಿಳಿ ಆಲೂಗಡ್ಡೆ ಪಲ್ಯ ಒಂದು ಪ್ಯಾಕೆಟ್‌ನಲ್ಲಿ ಮುದ್ದೆಯಾಗಿ ಕೂತಿರುತ್ತೆ.

ಮೊದಲ ಸಲ ತಿಂದು ಅತ್ತೆ ಹೇಳಿದ್ದು ಇಷ್ಟೇ: 'ಇದೇನೇ ಇದು, ತಂಗಳು ಚಪಾತಿ ತಿಂದಂಗಾತಲ್ಲ.'

ಹಾಗಂತ ನಾವು ಸುಮ್ನೆ ಕೂರಲಿಲ್ಲ. ಪ್ಲಾಸ್ಟಿಕ್ ಬೇಡ, ಬಾಳೆ ಎಲೆ ಹಾಕಿ ಅಂತ ಹೇಳಿ ನೋಡಿದೆವು. ವಾಸನೆ ಚೆನ್ನಾಗಾಯಿತು, ಗರಿ ಬರಲಿಲ್ಲ. ಮನೆಯಿಂದ ಸ್ಟೀಲ್ ಡಬ್ಬಿ ತಗೊಂಡು ಹೋಗಿ, ಮುಚ್ಚಳ ಓರೆ ಮಾಡಿಟ್ಟುಕೊಂಡು, ಮಗಳು ಸ್ಕೂಟರ್ ಹಿಂದೆ ಕೂತು ಅದನ್ನು ಹಿಡಿದುಕೊಂಡು ಬಂದಳು. ಒದ್ದೆ ಕಡಿಮೆಯಾಯಿತು, ಆದರೆ ಗಾಳಿಗೆ ತಣ್ಣಗಾಗಿ ಬೆಣ್ಣೆ ಹೆಪ್ಪುಗಟ್ಟಿತ್ತು. ಮನೆ ತವಾ ಮೇಲೆ ಮತ್ತೆ ಬಿಸಿ ಮಾಡಿದರೆ ಅಂಚು ಹಪ್ಪಳದ ಥರ ಆಗಿ ನಡುವಿನದು ಹಾಗೇ ಮೆತ್ತಗೆ ಉಳಿಯಿತು, ಮೇಲಿಂದ ಬೆಣ್ಣೆ ಸುಟ್ಟ ಘಾಟು ಬೇರೆ. ಕೊನೆಗೆ ಕಾವಲಿ ಮುಂದೆ ನಿಂತಿದ್ದ ಅಣ್ಣನೇ ಹೇಳಿದ, 'ಪಾರ್ಸೆಲ್ ಬ್ಯಾಡ ಬಿಡಿ ಅಕ್ಕಾ, ಐದು ನಿಮಿಷ ಕುಂದ್ರಿ, ಇಲ್ಲೇ ತಿನ್ಕಂಡು ಹೋಗಿ.' ವ್ಯಾಪಾರ ಮಾಡುವವನೇ ಬೇಡ ಅಂದ ಮೇಲೆ ಇನ್ನೇನಿದೆ?

ಪಾರ್ಸೆಲ್ ತರಲೇಬೇಕು ಅಂದರೆ ಖಾಲಿ ದೋಸೆ ತನ್ನಿ. ಅದು ಹುಟ್ಟಿದ್ದೇ ಮೆತ್ತಗೆ, ಹಾಗಾಗಿ ಕಳೆದುಕೊಳ್ಳುವುದು ಕಡಿಮೆ. ಮಂಡಕ್ಕಿ ಮೆಣಸಿನಕಾಯಿಯಲ್ಲಿ ಅರ್ಧ ಬರುತ್ತೆ, ಅರ್ಧ ಬರಲ್ಲ. ಒಣ ಖಾರ ಮಂಡಕ್ಕಿ, ನರ್ಗಿಸ್ ಮಂಡಕ್ಕಿ ಎಷ್ಟು ಹೊತ್ತಿಗಾದರೂ ತಿನ್ನಬಹುದು. ಈರುಳ್ಳಿ, ಟೊಮೆಟೊ ಕಲೆಸಿದ್ದನ್ನು ಮಾತ್ರ ನಿಂತಲ್ಲೇ ಮುಗಿಸಬೇಕು. ಮಿರ್ಚಿ ಕವರಿನೊಳಗೆ ಬೆವರಿಬಿಡುತ್ತೆ. ಮಂಡಕ್ಕಿ ಭಟ್ಟಿಗಳಿರುವ ಊರಲ್ಲಿ ಕೂತು ಮೆತ್ತಗಾದ ಮಂಡಕ್ಕಿ ತಿನ್ನುವುದಕ್ಕೆ ನನಗಂತೂ ಮನಸ್ಸು ಬರಲ್ಲ.

ಮಾಲ್ ಸಿನಿಮಾ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸೀಟು ಚೆನ್ನಾಗಿದೆ, ಸೌಂಡು ಜೋರು, ಎಸಿ ತಂಪು. ನಾಲ್ಕು ಟಿಕೆಟ್, ಬುಕಿಂಗ್ ಚಾರ್ಜು, ಇಂಟರ್‌ವಲ್‌ನಲ್ಲಿ ಪಾಪ್‌ಕಾರ್ನ್ ಅಂತ ಸೇರಿಸಿದರೆ ನಮ್ಮ ಒಂದು ತಿಂಗಳ ಭಾನುವಾರಗಳು ಒಂದೇ ಸಂಜೆಗೆ ಮುಗಿದವು. ಸಿನಿಮಾ ನಿಜವಾಗಲೂ ದೊಡ್ಡ ಪರದೆಯದಾದರೆ ಹೋಗುತ್ತೇವೆ, ಇಲ್ಲದಿದ್ದರೆ ಇಲ್ಲ. ಮತ್ತೆ, ಕತ್ತಲಲ್ಲಿ ಮೂರು ಗಂಟೆ ಪಕ್ಕಪಕ್ಕ ಕೂತರೂ ಒಬ್ಬರಿಗೊಬ್ಬರು ಮಾತಾಡುವ ಹಾಗಿಲ್ಲ. ನಮಗೆ ಮಾತಾಡಲು ಸಿಗುವ ಸಂಜೆ ಅದೊಂದೇ ಅಲ್ವಾ.

ಮಗಳ ಆಯ್ಕೆ ಚಿತ್ರದುರ್ಗದ ಕೋಟೆ. ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರ್ ಆಸುಪಾಸು, 1997ರವರೆಗೆ ನಾವೂ ಆ ಜಿಲ್ಲೆಯವರೇ. ಅವಳಿಗೆ ಓಬವ್ವನ ಕಿಂಡಿಯಲ್ಲಿ ನುಸುಳಬೇಕು. ನನಗೆ ಅಲ್ಲಿ ಇಷ್ಟವಾಗುವುದು ಹೊಂಡಗಳು. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತೆ, ಅಲ್ಲಿಂದ ಕೆಳಗೆ ಊರಿನ ಕಡೆಯ ಹೊಂಡಗಳಿಗೆ. ಬಂಡೆ ಮೇಲೆ ಬಿದ್ದ ಮಳೆಯನ್ನು ಹಾಗೆ ಕೈಯಿಂದ ಕೈಗೆ ದಾಟಿಸಿದ್ದಾರೆ ಆ ಕಾಲದವರು. ಆದರೆ ಕೋಟೆ ಸಂಜೆಯ ಜಾಗ ಅಲ್ಲ. ಮಧ್ಯಾಹ್ನ ಬಂಡೆ ಕಾಯುತ್ತೆ, ಬಿಸಿಲು ಇಳಿದ ಮೇಲೆ ಹತ್ತೋಣ ಅಂದರೆ ಆರು ಗಂಟೆಗೆ ಬಾಗಿಲು ಹಾಕುತ್ತಾರೆ. ಅತ್ತೆ ಮೊದಲ ಬಾಗಿಲ ಹತ್ತಿರವೇ ಕೂರಬೇಕಾಗುತ್ತೆ. ಚಳಿಗಾಲದಲ್ಲಿ ರಜೆ ಸಿಕ್ಕಾಗ ಬೆಳಗ್ಗೆ ಬೇಗ ಹೊರಟರೆ ಅದಕ್ಕೆ ಸಾಟಿ ಇಲ್ಲ. ಭಾನುವಾರದ ಲೆಕ್ಕಕ್ಕೆ ಮಾತ್ರ ಬರಲ್ಲ.

ಇನ್ನು ಕೆರೆ. ಊರಿಗೆ ಕುಡಿಯುವ ನೀರು ಕೊಡುವ ಕೆರೆ ಇದು, ಏರಿ ಮೇಲೆ ನಡೆಯಲು ದಾರಿ ಇದೆ. ಅತ್ತೆ ತಮ್ಮ ಪಾಡಿಗೆ ನಿಧಾನ ನಡೆಯುತ್ತಾರೆ, ಸುಸ್ತಾದರೆ ಕೂರುತ್ತಾರೆ. ಚಳಿಗಾಲದಲ್ಲಿ ಹಕ್ಕಿಗಳು ಬರುತ್ತವೆ. ಮಗಳಿಗೆ ಬೇಜಾರಾದರೆ ಹತ್ತಿರದಲ್ಲೇ ಗಾಜಿನ ಮನೆ ಇದೆ. ಕತ್ತಲಾಗುವ ಹೊತ್ತಿಗೆ ಸೊಳ್ಳೆ ಮುತ್ತುತ್ತವೆ, ಅದೊಂದು ದೂರು. ನಮ್ಮನೆಯವರು ಮೊದಲು ಸುಮ್ಮನೆ ಫೋನ್ ನೋಡುತ್ತಾ ನಡೆಯುತ್ತಿದ್ದರು, ಈಗ ಆಫೀಸಿನ ಕಥೆ ಎಲ್ಲ ಹೊರಗೆ ಬರುವುದು ಆ ಏರಿ ಮೇಲೆಯೇ, ಕೇಳಿ ಕೇಳಿ ಅವರ ಮ್ಯಾನೇಜರ್ ಅಡ್ಡಹೆಸರು ನನಗೂ ಬಾಯಿಗೆ ಬಂದುಬಿಟ್ಟಿದೆ.

ನಡೆದು ಹಸಿದ ಮೇಲೆ ದೋಸೆ. ಕಾವಲಿ ಕಾಣುವ ಟೇಬಲ್ ಹಿಡಿಯುತ್ತೇವೆ, ಭಾನುವಾರ ಕಾಯಬೇಕಾಗುತ್ತೆ, ಕಾಯೋದರಲ್ಲೂ ಒಂದು ಮಜಾ ಇದೆ. ಸೌದೆ ಒಲೆ ಇರುವ ಹೋಟೆಲ್ ನನಗೆ ಇಷ್ಟ, ನಮ್ಮನೆಯವರಿಗೆ ಗ್ಯಾಸ್ ಒಲೆಯದ್ದಾದರೂ ನಡೆಯುತ್ತೆ. ಒಬ್ಬರಿಗೆ ಒಂದು ಬೆಣ್ಣೆ ದೋಸೆ, ಆಮೇಲೆ ಎಲ್ಲರೂ ಹಂಚಿಕೊಂಡು ಒಂದು ಓಪನ್ ದೋಸೆ, ದೊಡ್ಡವರಿಗೆ ಕಾಫಿ. ನೋಟು ಮುರಿಯುತ್ತೆ, ಚಿಲ್ಲರೆಯೂ ಬರುತ್ತೆ.

ಈ ದೋಸೆ ಶುರುವಾದದ್ದೇ ನಾಟಕದ ಥಿಯೇಟರ್ ಒಂದರ ಹತ್ತಿರ ಅಂತ ಊರಲ್ಲಿ ಹೇಳುತ್ತಾರೆ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬುವರು ಮೊದಲು ಹಾಕುತ್ತಿದ್ದದ್ದು ರಾಗಿ ದೋಸೆಯಂತೆ, ಅಕ್ಕಿ, ಬೆಣ್ಣೆ ಎಲ್ಲ ಆಮೇಲೆ ಬಂದದ್ದಂತೆ. ಅಂದರೆ ಆಟ ನೋಡಲು ಹೊರಗೆ ಬಂದವರು ಅಲ್ಲೇ ನಿಂತು ತಿನ್ನಲಿ ಅಂತ ಮಾಡಿದ ತಿಂಡಿ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಅದನ್ನು ಸೋಫಾಕ್ಕೆ ಕರೆದರೆ ಬರುತ್ತಾ?

ಅತ್ತೆಯ ಓಟು ಮಾತ್ರ ಮೇಲಿನ ಯಾವುದಕ್ಕೂ ಇಲ್ಲ, ಅವರದ್ದು ಕಂಪನಿ ನಾಟಕಕ್ಕೆ. ಚಿಂದೋಡಿ ಲೀಲಾ ಅವರನ್ನು ರಂಗದ ಮೇಲೆ ನೋಡಿದವರು ಅವರು, ಅವರ ಮುಂದೆ ಓಟಿಟಿ ಬಗ್ಗೆ ಮಾತಾಡುವ ಹಾಗೇ ಇಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಹೊತ್ತಿಗೆ ಕಂಪನಿಗಳು ಕ್ಯಾಂಪ್ ಹಾಕಿದಾಗ ನಮ್ಮ ಲೆಕ್ಕ ಎಲ್ಲ ಬದಿಗೆ, ಆ ಭಾನುವಾರಗಳು ಅವರವು.

ಟಿವಿ ವೇಸ್ಟ್ ಆಗಿಲ್ಲ. ಮಳೆ ಬಂದರೆ, ಮಗಳಿಗೆ ಪರೀಕ್ಷೆ ಮುಗಿದರೆ, ಯಾರಿಗಾದರೂ ಜ್ವರ ಬಂದರೆ ಅದೇ ಗತಿ. ಆ ದಿನ ಮನೆಯಲ್ಲೇ ಉಪ್ಪಿಟ್ಟು, ಇಲ್ಲವೇ ಒಣ ಮಂಡಕ್ಕಿ. ಪ್ಯಾಕನ್ನು ಮುಂದಿನ ವರ್ಷಕ್ಕೆ ಮುಂದುವರಿಸಲ್ಲ, ಬೇಕಾದ ತಿಂಗಳಿಗೆ ಮಾತ್ರ ದುಡ್ಡು ಕಟ್ಟುವುದು ಅಂತ ಆಗಿದೆ. ನಿಮ್ಮದು ಹಾಸ್ಟೆಲ್ಲೋ ರೂಮೋ ಆಗಿದ್ದರೆ, ಒಬ್ಬರೇ ಇದ್ದರೆ, ಟಿವಿಯೇ ಲಾಭ ಇರಬಹುದು. ನಮ್ಮ ಥರ ನಾಲ್ಕು ಜನ, ನಾಲ್ಕು ರುಚಿ ಇದ್ದರೆ ಕೆರೆಗೆ ಬನ್ನಿ. ಐದು ಗಂಟೆಗೆಲ್ಲ ಏರಿ ಮೇಲೆ ಇರಿ, ಆರೂವರೆಗೆ ಅಲ್ಲಿಂದ ಹೊರಡಿ. ಸೊಳ್ಳೆಯೂ ತಪ್ಪುತ್ತೆ, ಹೋಟೆಲಿನ ರಷ್ಷೂ ತಪ್ಪುತ್ತೆ. ತಡವಾಗಿ ಹೋದರೆ ಹಿಟ್ಟು ಮುಗೀತು ಅಂತ ಕೈ ಆಡಿಸಿಬಿಡುತ್ತಾರೆ.