ಕಾಸರಗೋಡಲ್ಲಿ ಕನ್ನಡ ಡಿಟಿಪಿ ಬೇಕಾದ್ರೆ ಈ ಅಂಗಡಿಗೆ ಹೋಗಿ

ನನ್ನ ಪಿಎಚ್‌ಡಿ ಗ್ರಾಮಸಭೆ ಬಗ್ಗೆ. ಮಂಜೇಶ್ವರ, ಕುಂಬಳೆ ಕಡೆಯ ಕನ್ನಡದವರು ಗ್ರಾಮಸಭೆಗೆ ಬರ್ತಾರಾ, ಬಂದವರು ಬಾಯಿ ಬಿಡ್ತಾರಾ ಅಂತ ಮನೆ ಮನೆಗೆ ಹೋಗಿ ಕೇಳುವ ಕೆಲಸ. ಪ್ರಶ್ನಾವಳಿ ಇಂಗ್ಲಿಷಲ್ಲಿತ್ತು, ನಾನೇ ಕನ್ನಡ ಮಾಡಿ ಮೊದಲು ಬೇರೊಂದು ಕಡೆ ಕೊಟ್ಟಿದ್ದೆ, ಅವರು ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಯುನಿಕೋಡಿಗೆ ಕನ್ವರ್ಟ್ ಮಾಡುವಾಗ ಒತ್ತಕ್ಷರ ಎಲ್ಲ ಎಲ್ಲೆಲ್ಲೋ ಹೋಗಿ, ವಾರ್ಡ್ ಅನ್ನುವಲ್ಲಿ ಬರೀ ಚೌಕ, ಪ್ರೂಫೂ ತೋರಿಸದೆ 150 ಪ್ರತಿ ತೆಗೆದಾಗಿತ್ತು. ಅಷ್ಟೂ ದಂಡ.

ಮತ್ತೆ ಫ್ರೆಂಡ್ ಒಬ್ಳು ಹೇಳಿದ್ಲು ಅಂತ ಇಲ್ಲಿಗೆ ಬಂದೆ. ಇಲ್ಲಿ ಟೈಪ್ ಮಾಡುವ ಅಕ್ಕ ಮೊದಲು ಪೂರ್ತಿ ಓದ್ತಾರೆ, ಓದಿ ಆದ್ಮೇಲೆಯೇ ಕೀಬೋರ್ಡಿಗೆ ಕೈ. ನನ್ನ ನಾಲ್ಕನೇ ಪ್ರಶ್ನೆ ಹೀಗಿತ್ತು: "ಸ್ಥಳೀಯ ಆಡಳಿತ ಪ್ರಕ್ರಿಯೆಯಲ್ಲಿ ತಮ್ಮ ಸಹಭಾಗಿತ್ವದ ಪ್ರಮಾಣ ಎಷ್ಟು?" ಅಕ್ಕ ಅಲ್ಲೇ ನಿಲ್ಲಿಸಿ, "ಇದನ್ನು ನಮ್ಮ ಅಮ್ಮನ ಹತ್ರ ಕೇಳಿದ್ರೆ ಅವರು ಎಂತ ಹೇಳುದು? ಸಭೆಗೆ ಹೋಗಿದ್ದೀರಾ ಅಂತ ಕೇಳಿ, ಎದ್ದು ಮಾತಾಡಿದ್ದೀರಾ ಅಂತ ಬೇರೆ ಕೇಳಿ, ನೀವು ಹೇಳಿದ್ದನ್ನು ಅವರು ಬರ್ಕೊಂಡ್ರಾ ಅಂತ ಇನ್ನೊಂದು ಕೇಳಿ" ಅಂದ್ರು.

ನಾನು ಅಲ್ಲೇ ಸ್ಟೂಲಲ್ಲಿ ಕೂತುಬಿಟ್ಟೆ. ಯಾಕಂದ್ರೆ ಶೆರಿ ಆರ್ನ್‌ಸ್ಟೀನ್ ಅನ್ನುವ ಅಮೆರಿಕದ ಸಂಶೋಧಕಿ 1969ರಲ್ಲಿ ಆಡಳಿತದಲ್ಲಿ ಜನರ ಭಾಗವಹಿಸುವಿಕೆಯನ್ನು 8 ಮೆಟ್ಟಿಲ ಏಣಿ ಮಾಡಿ ತೋರಿಸಿದ್ದು ಇದನ್ನೇ, ಕೆಳಗಿನ ಮೆಟ್ಟಿಲಲ್ಲಿ ಜನರನ್ನು ಸುಮ್ಮನೆ ಕೂರಿಸಿ ಒಪ್ಪಿಸುದು, ನಡುವಲ್ಲಿ ಮಾಹಿತಿ ಕೊಡುದು, ಅಭಿಪ್ರಾಯ ಕೇಳುದು, ಮೇಲೆ ಹೋದ ಹಾಗೆ ತೀರ್ಮಾನವೇ ಜನರ ಕೈಗೆ. ನಾನು ಅಷ್ಟನ್ನೂ ಸಹಭಾಗಿತ್ವ ಅನ್ನುವ ಒಂದೇ ಶಬ್ದದಲ್ಲಿ ತುರುಕಿಸಿದ್ದೆ. ಒಂದು ಪ್ರಶ್ನೆ ಮೂರಾಯ್ತು, ಆ ಮೂರರಿಂದ ಸಿಕ್ಕಿದಷ್ಟು ಉಳಿದ ಎಲ್ಲ ಪ್ರಶ್ನೆ ಸೇರಿಸಿದ್ರೂ ನನಗೆ ಸಿಗ್ಲಿಲ್ಲ.

ಇದು ಸಣ್ಣ ವಿಷಯ ಅಲ್ಲ. ಕೇರಳದಲ್ಲಿ ಗ್ರಾಮಸಭೆ ವಾರ್ಡಿಗೊಂದು, ಮೂರು ತಿಂಗಳಿಗೊಮ್ಮೆ ಆದ್ರೂ ಸೇರ್ಬೇಕು, ಕೋರಂ, ಅಂದ್ರೆ ಸಭೆ ನಡೀಲಿಕ್ಕೆ ಬೇಕಾದ ಕನಿಷ್ಠ ಹಾಜರಿ, ಮತದಾರರ 10%. 1996ರ ಜನಕೀಯಾಸೂತ್ರಣದಲ್ಲಿ (ಊರಿನ ಯೋಜನೆ ಊರಿನವರೇ ಮಾಡುವ ಕೇರಳದ ಅಭಿಯಾನ) ರಾಜ್ಯದ ಯೋಜನಾ ಹಣದ 35ರಿಂದ 40% ಸ್ಥಳೀಯ ಸಂಸ್ಥೆಗಳಿಗೆ ಅಂತ ಆದ್ಮೇಲೆ ಯಾರ ಮನೆ ದಾರಿಗೆ ಕಾಂಕ್ರೀಟು, ಯಾರಿಗೆ ಮನೆ ಅನ್ನುವ ಮಾತೆಲ್ಲ ಅಲ್ಲಿಗೆ ಬರುದು. ಅಲ್ಲಿ ಮಾತಾಡದವರ ಪಾಲು ಹೋಯ್ತು ಅಂತಲೇ ಲೆಕ್ಕ.

ಜನ ಯಾಕೆ ಬರುದಿಲ್ಲ ಅನ್ನುದಕ್ಕೆ ವರ್ಬಾ, ಶ್ಲೋಜ್‌ಮನ್, ಬ್ರೇಡಿ ಅಂತ ಮೂವರು ರಾಜ್ಯಶಾಸ್ತ್ರಜ್ಞರು 1995ರಲ್ಲಿ ಮೂರು ಕಾರಣ ಹೇಳಿದ್ರು: ಅವರಿಂದ ಆಗುದಿಲ್ಲ, ಮನಸ್ಸಿಲ್ಲ, ಇಲ್ಲಾಂದ್ರೆ ಯಾರೂ ಕರೀಲಿಲ್ಲ. ಅವರು ಬರೆದದ್ದು ಅಮೆರಿಕದ ಬಗ್ಗೆ. ಇಲ್ಲಿ ಒಂದು ಮನೆಯಲ್ಲಿ ಅಜ್ಜಿಯೊಬ್ರು ಟಿವಿ ಅಡಿಯಿಂದ ಮಡಚಿಟ್ಟ ನೋಟೀಸು ತೆಗೆದು ತೋರಿಸಿದ್ರು, ಪೂರ್ತಿ ಮಲಯಾಳದಲ್ಲಿ. "ಇದು ನನ್ನನ್ನು ಕರೆದದ್ದು ಅಂತ ಗೊತ್ತೇ ಆಗ್ಲಿಲ್ಲ ಮಗಾ" ಅಂದ್ರು. ಅದೇ ಅಜ್ಜಿ ನನ್ನ ಹಾಳೆಯನ್ನು ಕನ್ನಡಕ ಹಾಕಿ ತಾನೇ ಓದಿ, ಆ ಮೂರರಲ್ಲಿ ಎರಡನೇ ಪ್ರಶ್ನೆಗೆ "ಮಾತಾಡ್ಲಿಲ್ಲ, ಮಾತಾಡ್ಬೇಕು ಅಂತ ಇತ್ತು" ಅಂದ್ರು. ಅಕ್ಷರ 16 ಸೈಜಲ್ಲಿ ಇಡಿ, ವಯಸ್ಸಾದವರು ಓದ್ತಾರೆ ಅಂತ ಹೇಳಿದ್ದೂ ಅಂಗಡಿಯ ಅಕ್ಕನೇ.

ಇನ್ನು ತೊಂದರೆ ಹೇಳ್ಬೇಕಂದ್ರೆ, ಜೂನಲ್ಲಿ ಅಡ್ಮಿಷನ್ ಟೈಮಿಗೆ ಹೋಗ್ಬೇಡಿ, ನಿಲ್ಲಲಿಕ್ಕೂ ಜಾಗ ಇಲ್ಲ. ಸ್ಪೈರಲ್ ಬೈಂಡಿಂಗ್ ಸಡಿಲ, ನನ್ನದು ಎರಡು ವಾರದಲ್ಲೇ ಬಿಟ್ಟು ಬಂತು. ಕನ್ನಡ, ಮಲಯಾಳ ಅಕ್ಕಪಕ್ಕ ಬೇಕಾದ್ರೆ ಒಂದು ದಿನ ಜಾಸ್ತಿ ಹಿಡೀತದೆ. ರೇಟು ಬೇರೆ ಕಡೆಗಿಂತ ಸ್ವಲ್ಪ ಮೇಲೆ, ಆದ್ರೆ ಪ್ರೂಫ್ ತೋರಿಸದೆ ಒಂದು ಪ್ರತಿಯೂ ತೆಗೆಯುದಿಲ್ಲ. ಬೈಂಡಿಂಗಿಗೆ ಒಂದು ಸ್ಟಾರ್ ಕಡಿಮೆ ಮಾಡಿದ್ದೇನೆ. ಥೀಸಿಸಿನ ಕನ್ನಡ ಭಾಗ ಟೈಪಿಗೆ ಅಲ್ಲಿಗೇ ಕೊಡುದು.