ಕಡಲ್ಗಳ್ಳ ಯಾರು, ಕಪ್ತಾನ ಯಾರು: ಆಬ್ರಿ–ಮ್ಯಾಟುರಿನ್ ಸರಣಿಗೆ ಇಳಿಯುವ ಮುನ್ನ

ಹಾಯಿಹಡಗಿನ ಕಾದಂಬರಿಗಳಿಗೆ ಹೊಸಬರಾಗಿದ್ದರೆ ಪ್ಯಾಟ್ರಿಕ್ ಓಬ್ರಯನ್ ಅವರ ಈ ಸರಣಿಯಿಂದಲೇ ಶುರುಮಾಡಬಹುದು. ನೆಪೋಲಿಯನ್ ಕಾಲದ ಬ್ರಿಟಿಷ್ ನೌಕಾಪಡೆಯ ಕಪ್ತಾನ ಜಾಕ್ ಆಬ್ರಿ, ಅವನ ಹಡಗಿನ ಡಾಕ್ಟರ್ ಸ್ಟೀಫನ್ ಮ್ಯಾಟುರಿನ್, ಈ ಇಬ್ಬರ ಕಥೆ. ಪೂರ್ತಿಯಾದ ಕಾದಂಬರಿಗಳು 20. ಲೇಖಕರು 2000ರಲ್ಲಿ ತೀರಿಕೊಂಡಿದ್ದರಿಂದ 21ನೆಯದು ಅರ್ಧಕ್ಕೇ ನಿಂತಿದೆ, ಸದ್ಯಕ್ಕೆ ಅದನ್ನು ಮರೆಯಿರಿ. 1969ರ ‘ಮಾಸ್ಟರ್ ಅಂಡ್ ಕಮಾಂಡರ್’ನಿಂದ ಹಿಡಿದು ಸಾಲಾಗಿಯೇ ಓದಬೇಕು. 2003ರ ಸಿನಿಮಾ ನೋಡಿದ ಧೈರ್ಯದಲ್ಲಿ, ಅದಕ್ಕೆ ಕಥೆ ಕೊಟ್ಟ ಹತ್ತನೆಯ ಪುಸ್ತಕಕ್ಕೆ ಹಾರಿದರೆ ಗೊಂದಲ: ಪುಸ್ತಕದಲ್ಲಿ ಬೆನ್ನಟ್ಟುವುದು ಅಮೆರಿಕದ ಹಡಗನ್ನು, ಸಿನಿಮಾದಲ್ಲಿ ಅದು ಫ್ರೆಂಚರದಾಗಿಬಿಟ್ಟಿದೆ.

ಓದು ಕೈಬಿಡುವುದು ಸಾಮಾನ್ಯವಾಗಿ ಮೊದಲ ನೂರು ಪುಟದಲ್ಲೇ, ಹಗ್ಗಗಳ ದೆಸೆಯಿಂದ. ಶೀಟ್ ಅಂದರೆ ಹಾಯಿ ಅಂದುಕೊಳ್ಳುತ್ತೇವೆ; ಅದು ಹಾಯಿಯ ಕೆಳಮೂಲೆಯನ್ನು ಎಳೆದು ಕಟ್ಟುವ ಹಗ್ಗ. ಸ್ಟೇ ಕೂಡ ಹಗ್ಗವೇ, ಕೂವೆಮರ ಹಿಂದಕ್ಕೆ ವಾಲದಂತೆ ಮುಂದಿನಿಂದ ಹಿಡಿದಿರುತ್ತದೆ. ಅಚ್ಚಾದ ಪ್ರತಿಯ ಆರಂಭದಲ್ಲಿ ಹಾಯಿಗಳ ಚಿತ್ರವಿರುತ್ತದೆ. ಫೋನಿನಲ್ಲಿ ಅದು ಇರುವೆಸಾಲಿನ ಹಾಗೆ ಕಾಣುವುದರಿಂದ ಒಂದು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಹಡಗಿನಲ್ಲಿ ಹೊತ್ತು ತಿಳಿಸಲು ಅರ್ಧ ಗಂಟೆಗೊಮ್ಮೆ ಒಂದೊಂದು ಪೆಟ್ಟು ಹೆಚ್ಚಿಸುತ್ತ ಗಂಟೆ ಬಾರಿಸುತ್ತಾರೆ, ನಾಲ್ಕು ತಾಸಿನ ಪಾಳಿ ಮುಗಿಯುವಾಗ ಎಂಟು ಪೆಟ್ಟು. ಡಾಕ್ಟರ್ ಮ್ಯಾಟುರಿನ್‌ಗೂ ಹಡಗಿನ ಗಂಧಗಾಳಿ ಇಲ್ಲ; ಮರಿ ಅಧಿಕಾರಿಯೊಬ್ಬ ಅವನನ್ನು ಮೇಲೆ ಹತ್ತಿಸಿ ಒಂದೊಂದನ್ನೇ ತೋರಿಸುವ ಭಾಗವನ್ನು ಹಾರಿಸಬೇಡಿ.

ಮೊದಲ ಪುಸ್ತಕದ ದೊಡ್ಡ ಕಾದಾಟಕ್ಕೆ ನಿಜದ ಬೇರಿದೆ. 1801ರ ಮೇ 6ರಂದು ಬಾರ್ಸಿಲೋನಾ ಬಳಿ ಬ್ರಿಟಿಷ್ ನೌಕಾಧಿಕಾರಿ ಥಾಮಸ್ ಕಾಕ್ರೇನ್‌ನ ಪುಟ್ಟ ಹಡಗು ‘ಸ್ಪೀಡಿ’ 54 ಜನ, 14 ಪುಟ್ಟ ತೋಪುಗಳೊಡನೆ 319 ಜನರಿದ್ದ, 32 ತೋಪುಗಳ ಸ್ಪೇನಿನ ‘ಗಾಮೊ’ವನ್ನು ಹಿಡಿಯಿತು. ತೀರ ಪಕ್ಕಕ್ಕೇ ಹೋಗಿ ಅಂಟಿಕೊಂಡಿದ್ದರಿಂದ ದೊಡ್ಡ ಹಡಗಿನ ಗುಂಡುಗಳು ತಲೆಯ ಮೇಲಿಂದ ಹಾರಿಹೋದವು. ಕಾದಂಬರಿಯಲ್ಲಿ ಹಡಗುಗಳ ಹೆಸರು ಬೇರೆ, ತಂತ್ರ ಅದೇ.

ದಿನಾ ಪೇಪರ್ ಓದುವವರಿಗೆ ಇಲ್ಲಿನ ಹೆಸರಿಡುವ ಆಟವೇ ಹೆಚ್ಚು ರುಚಿಸೀತು. ಹಡಗು ಹಿಡಿದು ಸರಕು ಹಂಚಿಕೊಂಡರೆ ಕಡಲ್ಗಳ್ಳ. ಸರಕಾರದ ಪರವಾನಗಿ ಇದ್ದರೆ ಪ್ರೈವೆಟೀರ್. ನೌಕಾಪಡೆಯವನಾದರೆ ಅದು ‘ಪ್ರೈಜ್’, ಕಾನೂನೇ ಒಪ್ಪಿ ಹಂಚಿಕೊಡುವ ಗಳಿಕೆ. 1808ರ ಮೊದಲಿನ ಲೆಕ್ಕದಲ್ಲಿ ಎಂಟರಲ್ಲಿ ಎರಡು ಪಾಲು ಕಪ್ತಾನನಿಗೆ, ಒಂದು ಅಡ್ಮಿರಲ್‌ಗೆ! ಮರಾಠರ ಸರಖೇಲ್, ಅಂದರೆ ನೌಕಾಪಡೆಯ ಮುಖ್ಯಸ್ಥ, ಕಾನ್ಹೋಜಿ ಆಂಗ್ರೆ ಇಂಗ್ಲಿಷರ ಕಾಗದಪತ್ರಗಳಲ್ಲಿ ಬರೀ ಪೈರೇಟ್ ಆದದ್ದೂ ಹೀಗೇ.

ಮೊದಲ ಪುಸ್ತಕದಲ್ಲೇ ಅಮೆರಿಕದ ಹಡಗೊಂದನ್ನು ತಡೆದು ಐರಿಷ್ ‘ಬಂಡುಕೋರ’ರನ್ನು ಹುಡುಕುವ ಆದೇಶ ಬರುತ್ತದೆ. ಹುಡುಕಬೇಕಾದ ಲೆಫ್ಟಿನೆಂಟ್ ಡಿಲನ್ ಹಿಂದೆ ಆ ಬಂಡುಕೋರರದೇ ಸಂಘಟನೆ ‘ಯುನೈಟೆಡ್ ಐರಿಷ್‌ಮೆನ್’ನವನು. ಆದೇಶದ ಪದ ಅವನ ಬಾಯಲ್ಲಿ ಹೊರಳುವುದಿಲ್ಲ. ಸುಳ್ಯದ ಕಡೆ 1837ರಲ್ಲಿ ಕಂಪನಿ ಸರಕಾರದ ವಿರುದ್ಧ ಜನ ಎದ್ದದ್ದನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಅನ್ನುವವರೂ ‘ಅಮರ ಸುಳ್ಯ ಸ್ವಾತಂತ್ರ್ಯ ಸಂಗ್ರಾಮ’ ಅನ್ನುವವರೂ ಇರುವಾಗ ನಮಗೆ ಇದು ಹೊಸದೇನಲ್ಲ. ‘ಭಯೋತ್ಪಾದಕ’ ಪದವನ್ನು ಹೇಳಿದವರ ಹೆಸರಿಗೇ ಕಟ್ಟಬೇಕು ಅನ್ನುವ ಬಿಬಿಸಿಯ ನಿಯಮಕ್ಕೆ ಹೇಡಿತನ ಎಂಬ ಬೈಗುಳ ಬೀಳುತ್ತಲೇ ಇರುತ್ತದೆ. ನನ್ನ ಮಟ್ಟಿಗೆ ನಿಯಮ ಸರಿ, ಆದರೆ ಯಾರು ಯಾರನ್ನು ಕೊಂದರು ಎಂಬುದು ಅದರ ಮರೆಯಲ್ಲಿ ಮಸುಕಾದರೆ ಕೆಟ್ಟಿತು. ಓಬ್ರಯನ್ ಪ್ರತಿ ಪದವನ್ನೂ ಆಡಿದವನ ಬಾಯಲ್ಲೇ ಬಿಡುತ್ತಾರೆ, ನಡೆದದ್ದನ್ನೂ ಮುಚ್ಚುವುದಿಲ್ಲ.

ಸರಣಿಯ ಎರಡನೆಯ ಪುಸ್ತಕ ಬಹಳ ಹೊತ್ತು ನೆಲದ ಮೇಲೇ ಅಡ್ಡಾಡುತ್ತದೆ, ಸಂಬಂಧ ಕುದುರಿಸುವ ಮಾತು, ಸಾಲಗಾರರ ಕಾಟ. ಹಲ್ಲುಕಚ್ಚಿ ದಾಟಿದರೆ ಮೂರನೆಯದರಲ್ಲಿ ಹಡಗು ಮುಂಬಯಿಗೆ ಬರುತ್ತದೆ.