‘ನಿಕಲ್ ಫ್ರೀ’ ಚೀಟಿ ನೋಡಿ ಕಿವಿಯ ಕೊಕ್ಕೆ ಕೊಳ್ಳುವವರು ಇದನ್ನು ಓದಿ

ಮಣಿ ಪೋಣಿಸುವ, ರೇಷ್ಮೆ ದಾರ ಸುತ್ತಿ ಜುಮುಕಿ ಕಟ್ಟುವ, ಟೆರಾಕೋಟಾ ಓಲೆಗೆ ಬಣ್ಣ ಬಳಿಯುವ ಹವ್ಯಾಸವಿರುವವರೆಲ್ಲ ಸಗಟು ಅಂಗಡಿಯಿಂದ ಪೊಟ್ಟಣಗಟ್ಟಲೆ ತರುವ ವಸ್ತುವೊಂದಿದೆ: ಕಿವಿಯ ಕೊಕ್ಕೆ. ಅಂಗಡಿಯಲ್ಲಿ ಇಯರ್ ಹುಕ್ ಎಂದು ಕೇಳಿದರೆ ಚಿನ್ನದ ಬಣ್ಣದ್ದು, ಬೆಳ್ಳಿ ಬಣ್ಣದ್ದು, ಕಪ್ಪು ಮಾಡಿದ್ದು ಎಂದು ಮೂರು ಬಗೆಯನ್ನು ಮುಂದಿಡುತ್ತಾರೆ. ಆ ಪೊಟ್ಟಣದ ಮೇಲೆ ‘ನಿಕಲ್ ಫ್ರೀ’ ಎಂದು ಅಚ್ಚಾಗಿದ್ದರೂ ಒಳಗಿರುವ ಕೊಕ್ಕೆಯಲ್ಲಿ ನಿಕಲ್ ಇರಬಹುದು, ಅದರಿಂದ ಕಿವಿ ಹುಣ್ಣಾಗಬಹುದು, ಮತ್ತು ಹುಣ್ಣು ಮಾಯ್ದ ಮೇಲೂ ಆ ಲೋಹದ ಅಲರ್ಜಿ ಜೀವನಪರ್ಯಂತ ಉಳಿಯಬಹುದು. ನಮ್ಮ ಮನೆಯ ಹುಡುಗಿಗೆ ಹಾಗೇ ಆಗಿರುವುದರಿಂದ, ಅದು ಹೇಗಾಯಿತು, ಏನನ್ನು ನೋಡಿ ಕೊಳ್ಳಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಗೌರಿ ಹಬ್ಬದ ಬಾಗಿನದ ಜೊತೆ ಮನೆಯ ಹೆಣ್ಣುಮಕ್ಕಳಿಗೆ ನಾನೇ ಮಾಡಿದ ಜುಮುಕಿಗಳನ್ನು ಕೊಡಬೇಕೆಂದು ಬಹಳ ದಿನದ ಆಸೆಯಿತ್ತು. ಮಣಿಯವರು ಹನ್ನೊಂದನೇ ನಂಬರ್ ಎಂದು ಕರೆಯುವ, ಸುಮಾರು 2 ಮಿ.ಮೀ. ಅಳತೆಯ ಗಾಜಿನ ಮಣಿಗಳನ್ನು ಸುತ್ತು ಸುತ್ತಾಗಿ ಹೆಣೆದು ಗಂಟೆಯಾಕಾರ ಮಾಡಿ, ಅಂಚಿಗೆ ಮುತ್ತಿನ ಬಣ್ಣದ ಮಣಿಗಳನ್ನು ಇಳಿಬಿಟ್ಟಿದ್ದೆ. ಕೊಕ್ಕೆ ತರಲು ನಗರದ ಹಳೆಯ ಪೇಟೆಯ ಒಂದು ಸಗಟು ಅಂಗಡಿಗೆ ಹೋದಾಗ, ನಮ್ಮಕ್ಕನಿಗೆ ಮೊದಲಿನಿಂದಲೂ ಗಿಲೀಟಿನ ಒಡವೆ ಒಗ್ಗದಿರುವುದನ್ನು ಹೇಳಿ, ನಿಕಲ್ ಇಲ್ಲದ್ದೇ ಬೇಕು ಎಂದು ಸ್ಪಷ್ಟವಾಗಿ ಕೇಳಿದೆ. ಅಂಗಡಿಯವರು ಬೆಳ್ಳಿ ಬಣ್ಣದ ಒಂದು ಪೊಟ್ಟಣ ಮತ್ತು ಚಿನ್ನದ ಬಣ್ಣದ ಒಂದು ಪೊಟ್ಟಣ ತೆಗೆದರು. ಎರಡರ ಮೇಲೂ ಇಂಗ್ಲಿಷಿನಲ್ಲಿ ‘ನಿಕಲ್ ಫ್ರೀ, ಲೆಡ್ ಫ್ರೀ’ ಎಂಬ ಚೀಟಿಯಿತ್ತು. ನನಗಿನ್ನೂ ಅನುಮಾನವಿರುವುದನ್ನು ಕಂಡು ಅವರು ಮೇಜಿನ ಖಾನೆಯಿಂದ ಗುಂಡನೆಯ ಅಯಸ್ಕಾಂತವೊಂದನ್ನು ತೆಗೆದು ಕೊಕ್ಕೆಗಳ ಮೇಲೆ ಆಡಿಸಿದರು. ಒಂದೂ ಮೇಲೇಳಲಿಲ್ಲ. “ನೋಡಿ ಮೇಡಂ, ನಿಕಲ್ ಇದ್ದಿದ್ರೆ ಹಿಡೀತಿತ್ತಲ್ವಾ?” ಎಂದರು.

ಈ ಅಯಸ್ಕಾಂತದ ಪ್ರದರ್ಶನವನ್ನು ಅನೇಕರು ನೋಡಿರುತ್ತೀರಿ. ಶುದ್ಧ ನಿಕಲ್ ಅಯಸ್ಕಾಂತಕ್ಕೆ ಅಂಟುತ್ತದೆ ಎಂಬುದು ನಿಜವೇ. ಆದರೆ ಒಡವೆಯ ಸಾಮಾನಿನಲ್ಲಿ ನಿಕಲ್ ಸಾಮಾನ್ಯವಾಗಿ ಬೇರೆ ಲೋಹದೊಡನೆ ಬೆರೆತೋ ತೀರಾ ತೆಳುವಾದ ಲೇಪನವಾಗಿಯೋ ಇರುತ್ತದೆ. ಜರ್ಮನ್ ಸಿಲ್ವರ್ ಎಂದು ಮಾರುವ ಲೋಹದಲ್ಲಿ ಬೆಳ್ಳಿಯ ಸುಳಿವೇ ಇಲ್ಲ. ಸಾಮಾನ್ಯವಾಗಿ ಅದರಲ್ಲಿ ಶೇ. 60ರಷ್ಟು ತಾಮ್ರ, ಶೇ. 20ರಷ್ಟು ನಿಕಲ್, ಶೇ. 20ರಷ್ಟು ಸತು ಇರುತ್ತವೆ. ಹೀಗೆ ತಾಮ್ರದೊಡನೆ ಬೆರೆತ ನಿಕಲ್ ಅಯಸ್ಕಾಂತಕ್ಕೆ ಸ್ಪಂದಿಸುವುದಿಲ್ಲ. ಅಂದರೆ ಐದರಲ್ಲಿ ಒಂದು ಪಾಲು ನಿಕಲ್ ಇರುವ ಕೊಕ್ಕೆಯೂ ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಅಯಸ್ಕಾಂತವು ಕಬ್ಬಿಣವನ್ನು ಪತ್ತೆ ಮಾಡಲು ಸರಿ; ನಿಕಲ್ ಇಲ್ಲವೆಂದು ಸಾಬೀತು ಮಾಡಲು ಅದು ಯಾವ ಉಪಯೋಗಕ್ಕೂ ಬಾರದು.

ಹಬ್ಬ ಕಳೆದ ಮೇಲೆ ಮೊದಲು ಮಂಗಳೂರಿನಲ್ಲಿ ಓದುತ್ತಿರುವ ಅಣ್ಣನ ಮಗಳು ಫೋನ್ ಮಾಡಿದಳು. “ಅತ್ತೆ, ಜುಮುಕಿ ಹಾಕ್ಕೊಂಡ್ರೆ ಎರಡೂ ಕಿವಿ ತುರಿಸ್ತಿದೆ, ತೂತಿನ ಹತ್ರ ನೀರು ಬರ್ತಿದೆ” ಎಂದಳು. ಅವಳ ಹಾಸ್ಟೆಲಿನವರು ಸೋಂಕು ಎಂದುಕೊಂಡು ಔಷಧಿ ಅಂಗಡಿಯಿಂದ ಒಂದು ಮುಲಾಮು ತಂದು ಹಚ್ಚಿದ್ದರು, ಮನೆಯವರು ಕೊಬ್ಬರಿ ಎಣ್ಣೆಗೆ ಅರಿಸಿನ ಕಲಸಿ ಹಚ್ಚು ಎಂದಿದ್ದರು, ಮತ್ತು ಇದೆಲ್ಲದರ ನಡುವೆ ತೂತು ಮುಚ್ಚಿಕೊಂಡುಬಿಟ್ಟೀತು ಎಂಬ ಭಯದಿಂದ ಅವಳು ಅದೇ ಕೊಕ್ಕೆಯನ್ನು ರಾತ್ರಿಯೂ ಕಿವಿಯಲ್ಲೇ ಬಿಟ್ಟುಕೊಂಡಿದ್ದಳು. ಕೆಲವೇ ದಿನಗಳಲ್ಲಿ ಕಿವಿಯ ಹಾಲೆ ಊದಿ, ತೂತಿನ ಸುತ್ತ ಹಳದಿ ಹೆಕ್ಕಳೆ ಕಟ್ಟಿ, ಕೊಕ್ಕೆ ತಾಗುತ್ತಿದ್ದ ಕತ್ತಿನ ಭಾಗದಲ್ಲೂ ಸಣ್ಣ ಗುಳ್ಳೆಗಳೆದ್ದವು.

ಮೈಸೂರಿನಲ್ಲಿರುವ ನಾದಿನಿಗೂ ಅದೇ ಪೊಟ್ಟಣದ ಕೊಕ್ಕೆಯೇ ಹೋಗಿತ್ತು. ಅವಳಿಗೆ ಅಲ್ಪ ಸ್ವಲ್ಪ ತುರಿಕೆ ಬಿಟ್ಟರೆ ಬೇರೇನೂ ಆಗಲಿಲ್ಲ. ಇದಕ್ಕೆ ದೇಹಪ್ರಕೃತಿಯ ವ್ಯತ್ಯಾಸ ಒಂದು ಕಾರಣವಾದರೆ, ಬೆವರು ಇನ್ನೊಂದು ಕಾರಣ ಎಂದು ಚರ್ಮವೈದ್ಯರು ವಿವರಿಸಿದರು. ಬೆವರಿನಲ್ಲಿರುವ ಉಪ್ಪಿನಂಶ ಲೋಹವನ್ನು ನಿಧಾನವಾಗಿ ಕೊರೆದು ನಿಕಲ್‌ನ ಅಯಾನುಗಳನ್ನು, ಅಂದರೆ ಅದರ ಅತಿ ಸೂಕ್ಷ್ಮ ಕಣಗಳನ್ನು, ಬಿಡಿಸುತ್ತದೆ, ಅವು ಚರ್ಮದೊಳಕ್ಕೆ ಇಳಿಯುತ್ತವೆ. ಕರಾವಳಿಯ ಸೆಕೆಯಲ್ಲಿ ದಿನವಿಡೀ ಬೆವರುವ ಕಿವಿಗೂ ಮೈಸೂರಿನ ಒಣ ಹವೆಯ ಕಿವಿಗೂ ಇರುವ ಅಂತರ ಅಲ್ಲಿದೆ. ಹೀಗಾಗಿ “ನಾನು ಹಾಕಿಕೊಂಡು ನೋಡಿದೆ, ನನಗೇನೂ ಆಗಲಿಲ್ಲ” ಎನ್ನುವ ಮಾರಾಟಗಾರರ ಮಾತಿಗೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ.

ವೈದ್ಯರು ಹೇಳಿದ ಇನ್ನೂ ಕೆಲವು ಮಾತುಗಳು ಎಲ್ಲರಿಗೂ ತಿಳಿದಿರಬೇಕಾದವು. ನಿಕಲ್ ಅಲರ್ಜಿ ತಡವಾಗಿ ಕಾಣಿಸಿಕೊಳ್ಳುವ ಬಗೆಯದು. ಒಮ್ಮೆ ಅಲರ್ಜಿ ಬೆಳೆದವರಲ್ಲಿ ಲೋಹ ತಾಗಿದ ಒಂದರಿಂದ ಮೂರು ದಿನಗಳ ಒಳಗೆ ತುರಿಕೆ, ಗುಳ್ಳೆ, ನೀರು ಸೋರುವಿಕೆ ಶುರುವಾಗುತ್ತದೆ. ಮದುವೆಗೆ ಹಾಕಿಕೊಂಡ ಓಲೆಯ ಪರಿಣಾಮ ಮದುವೆ ಮುಗಿದು ಊರಿಗೆ ಮರಳಿದ ಮೇಲೆ ಕಾಣಿಸಿಕೊಳ್ಳುವುದರಿಂದ, ಜನ ಹೊಸ ಸೋಪನ್ನೋ ಬೀಗರ ಊರಿನ ನೀರನ್ನೋ ದೂರುತ್ತಾರೆ. ಸೋಂಕಾದರೆ ಸಾಮಾನ್ಯವಾಗಿ ನೋವು ಮತ್ತು ಕೀವು ಮುಂದಾಗಿರುತ್ತವೆ, ಹೆಚ್ಚಾಗಿ ಒಂದೇ ಕಿವಿಯಲ್ಲಿ ಆಗುತ್ತದೆ. ಅಲರ್ಜಿಯಲ್ಲಿ ತುರಿಕೆ ಮುಂದಾಗಿದ್ದು ಎರಡೂ ಕಿವಿಯಲ್ಲಿ, ಲೋಹ ತಾಗಿದ ಜಾಗದಲ್ಲೇ ಶುರುವಾಗುತ್ತದೆ. ಪುಸ್ತಕಗಳಲ್ಲಿ ಚರ್ಮ ಕೆಂಪಗಾಗುತ್ತದೆ ಎಂದು ಬರೆದಿರುತ್ತಾರೆ, ಆದರೆ ನಮ್ಮಂಥ ಗೋಧಿ ಬಣ್ಣದ ಅಥವಾ ಕಪ್ಪು ಮೈಬಣ್ಣದವರಲ್ಲಿ ಆ ಜಾಗ ಕಂದು ಅಥವಾ ಕಪ್ಪಾಗಿ ಕಾಣುವುದೇ ಹೆಚ್ಚು; ಕೆಂಪಾಗಿಲ್ಲವಲ್ಲ ಎಂದು ಸುಮ್ಮನಿರುವುದು ಸರಿಯಲ್ಲ. ಅಂಗಡಿಯಿಂದ ತಾವೇ ತಂದು ಹಚ್ಚುವ ನಿಯೋಮೈಸಿನ್ ಎಂಬ ಆಂಟಿಬಯಾಟಿಕ್ ಇರುವ ಮುಲಾಮಿಗೂ ಅನೇಕರಿಗೆ ಅಲರ್ಜಿಯಿರುವುದರಿಂದ, ಒಂದರ ಮೇಲೊಂದು ಸೇರಿ ಕಿವಿ ಇನ್ನಷ್ಟು ಕೆಡುವ ಸಾಧ್ಯತೆಯೂ ಇದೆ.

ಖಚಿತ ಮಾಡಿಕೊಳ್ಳಲು ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಬೆನ್ನಿನ ಮೇಲೆ ನಿಕಲ್ ಸಲ್ಫೇಟ್ ಸೇರಿದಂತೆ ಹಲವು ವಸ್ತುಗಳ ಸಣ್ಣ ಸಣ್ಣ ಪಟ್ಟಿಗಳನ್ನು ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಹುಡುಗಿಯ ಬೆನ್ನಿನಲ್ಲಿ ನಿಕಲ್ ಪಟ್ಟಿಯ ಜಾಗ ಮಾತ್ರ ಗಂಟುಗಂಟಾಗಿ ಎದ್ದಿತ್ತು. ಈಗ ಅವಳಿಗೆ ಜೀನ್ಸಿನ ಗುಂಡಿ ತಾಗಿದರೆ ಹೊಕ್ಕುಳಿನ ಕೆಳಗೆ ಕಜ್ಜಿಯೇಳುತ್ತದೆ, ಗಡಿಯಾರದ ಪಟ್ಟಿಯ ಬಕಲ್‌ಗೆ ಬಟ್ಟೆ ಸುತ್ತಿಕೊಳ್ಳುತ್ತಾಳೆ, ಕನ್ನಡಕದ ಚೌಕಟ್ಟನ್ನು ಬದಲಾಯಿಸಿದ್ದಾಯಿತು. ಇದಕ್ಕೆ ಪೂರ್ತಿ ಗುಣವಾಗುವ ಔಷಧಿಯಿಲ್ಲ, ಲೋಹವನ್ನು ದೂರವಿಡುವುದೊಂದೇ ದಾರಿ.

ಅಂಗಡಿಗೆ ವಾಪಸ್ ಹೋಗುವ ಮೊದಲು ನಾನು ಡೈಮೀಥೈಲ್‌ಗ್ಲೈಆಕ್ಸಿಮ್ ಎಂಬ ರಾಸಾಯನಿಕದ ಸಣ್ಣ ಸೀಸೆಯನ್ನು ತರಿಸಿಕೊಂಡೆ. ಒಡವೆಯ ನಿಕಲ್ ಪರೀಕ್ಷೆಗೆಂದೇ ಇದು ಆನ್‌ಲೈನಿನಲ್ಲಿ ಸಿಗುತ್ತದೆ. ಹತ್ತಿ ಸುತ್ತಿದ ಕಡ್ಡಿಗೆ ಎರಡು ಹನಿ ಹಾಕಿ ಲೋಹದ ಮೇಲೆ ಅರ್ಧ ನಿಮಿಷದಷ್ಟು ಉಜ್ಜಬೇಕು. ನಿಕಲ್ ಹೊರಬರುತ್ತಿದ್ದರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬೆಳ್ಳಿ ಬಣ್ಣದ ಕೊಕ್ಕೆಯನ್ನು ಉಜ್ಜಿದ ಕೂಡಲೇ ಹತ್ತಿ ದಾಸವಾಳದ ಬಣ್ಣಕ್ಕೆ ತಿರುಗಿತು. ಚಿನ್ನದ ಬಣ್ಣದ ಕೊಕ್ಕೆ ಮಾತ್ರ ನನ್ನನ್ನು ಗೊಂದಲಕ್ಕೆ ಕೆಡವಿತು: ಎಷ್ಟು ಉಜ್ಜಿದರೂ ಹತ್ತಿ ಬೆಳ್ಳಗೇ ಇತ್ತು. ಆಮೇಲೆ ಅದರ ತುದಿಯನ್ನು, ಕಿವಿಯ ತೂತಿನೊಳಗೆ ಮೊದಲು ಹೋಗುವ ಆ ತುದಿಯನ್ನೇ, ಉಗುರು ಉಜ್ಜುವ ಅರದಿಂದ ನಾಲ್ಕು ಸಲ ಉಜ್ಜಿ ಪರೀಕ್ಷಿಸಿದಾಗ ಅಲ್ಲಿಯೂ ಗುಲಾಬಿ ಬಣ್ಣ ಬಂತು.

ಇದರ ಕಾರಣ ಲೇಪನ ಹಾಕುವ ಕ್ರಮದಲ್ಲಿದೆ. ಹಿತ್ತಾಳೆಯ ಮೇಲೆ ನೇರವಾಗಿ ಚಿನ್ನದ ಬಣ್ಣ ಹಾಕಿದರೆ ಹೊಳಪು ಚೆನ್ನಾಗಿ ಬರುವುದಿಲ್ಲ, ಬೇಗ ಮಾಸುತ್ತದೆ. ಆದ್ದರಿಂದ ನಡುವೆ ನಿಕಲ್‌ನ ಒಂದು ಪದರ ಹಾಕುವುದು ಈ ಉದ್ಯಮದಲ್ಲಿ ಸಾಮಾನ್ಯ. ಮೇಲಿನ ಪದರ ತೀರಾ ತೆಳುವಾಗಿರುವುದರಿಂದ ದಿನವೂ ಹಾಕಿ ತೆಗೆಯುವ ಕೊಕ್ಕೆಯಲ್ಲಿ ಅದು ಸವೆದು, ಒಳಗಿನ ನಿಕಲ್ ಚರ್ಮಕ್ಕೆ ತಾಗುತ್ತದೆ. ಹೊಸದಾಗಿದ್ದಾಗ ಏನೂ ಮಾಡದ ಓಲೆ ಆರು ತಿಂಗಳ ಮೇಲೆ ಕಿವಿ ಕೆಡಿಸುವುದು ಹೀಗೆ. ಅಂಗಡಿಯವರಿಗೆ ಗುಲಾಬಿ ಹತ್ತಿಯನ್ನು ತೋರಿಸಿದಾಗ ಅವರು ಕೊಟ್ಟ ಉತ್ತರ ನನಗೆ ಸಿಟ್ಟು ತರಿಸಿತಾದರೂ ಅದರಲ್ಲೊಂದು ಪಾಠವಿತ್ತು: “ನಿಕಲ್ ಫ್ರೀ ಅಂದ್ರೆ ಮೇಲಿನ ಕೋಟಿಂಗ್ ಮೇಡಂ, ಒಳಗಿನ ಲೋಹಕ್ಕೆ ನಾವು ಗ್ಯಾರಂಟಿ ಕೊಡಲ್ಲ.” ಚೀಟಿಯ ಮೇಲೆ ಆ ಷರತ್ತು ಎಲ್ಲಿಯೂ ಇರಲಿಲ್ಲ. ಬಿಲ್ ಇಟ್ಟುಕೊಂಡಿದ್ದರಿಂದ, ಮತ್ತು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆಂದು ಹೇಳಿದ್ದರಿಂದ, ಸಾಕಷ್ಟು ಮಾತುಕತೆಯ ನಂತರ ಕೊಕ್ಕೆಯ ಹಣವನ್ನು ಹಿಂದಿರುಗಿಸಿದರು. ಪ್ಯಾಚ್ ಟೆಸ್ಟಿನ ಖರ್ಚಿನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ವಸ್ತುವಿನ ಬಗ್ಗೆ ಸುಳ್ಳು ವಿವರಣೆ ಕೊಟ್ಟು ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿಯೇ ಆದ್ದರಿಂದ, ಹತ್ತಾರು ರೂಪಾಯಿಯ ಸಾಮಾನಿಗೂ ಬಿಲ್ ಕೇಳುವುದು ಒಳ್ಳೆಯದು. ಪೊಟ್ಟಣದ ಚೀಟಿಯನ್ನೂ ಎಸೆಯಬೇಡಿ, ಅದೇ ನಿಮ್ಮ ಸಾಕ್ಷಿ.

ಯುರೋಪ್ ಒಕ್ಕೂಟದ ನಿಯಮಗಳಲ್ಲಿ ಮಿತಿಯನ್ನು ಲೋಹದಲ್ಲಿ ಎಷ್ಟು ನಿಕಲ್ ಇದೆ ಎಂಬುದರ ಮೇಲೆ ಇಡದೆ, ಅದರಿಂದ ಎಷ್ಟು ಹೊರಬರುತ್ತದೆ ಎಂಬುದರ ಮೇಲೆ ಇಟ್ಟಿದ್ದಾರೆ. ಚರ್ಮಕ್ಕೆ ಬಹುಕಾಲ ತಾಗಿಕೊಂಡಿರುವ ವಸ್ತುವಿನಿಂದ ಒಂದು ಚದರ ಸೆಂಟಿಮೀಟರಿಗೆ ವಾರಕ್ಕೆ 0.5 ಮೈಕ್ರೋಗ್ರಾಂ, ಚುಚ್ಚಿದ ತೂತಿನೊಳಗೆ ಹೋಗುವ ಭಾಗದಿಂದ 0.2 ಮೈಕ್ರೋಗ್ರಾಂ ಮೀರಬಾರದು. ಈ ವ್ಯತ್ಯಾಸ ನಮ್ಮ ಕೆಲಸಕ್ಕೂ ಮುಖ್ಯ. 316ಎಲ್ ಎಂಬ ಸ್ಟೀಲಿನಲ್ಲಿ ಶೇ. 10ರಿಂದ 14ರಷ್ಟು ನಿಕಲ್ ಇದ್ದರೂ ಅದು ಲೋಹದೊಳಗೆ ಬಿಗಿಯಾಗಿ ಹಿಡಿದಿರುವುದರಿಂದ ಹೊರಬರುವುದು ಬಹಳ ಕಡಿಮೆ, ಹೆಚ್ಚಿನವರಿಗೆ ಒಗ್ಗುತ್ತದೆ. ಹಾಗೆಂದು ಈಗಾಗಲೇ ಅಲರ್ಜಿ ಬೆಳೆದವರಿಗೆ ನಾನು ಅದನ್ನು ಕೊಡುವುದಿಲ್ಲ. ಅಂಥವರಿಗೆ ಟೈಟಾನಿಯಂ ಅಥವಾ ನಯೋಬಿಯಂ ಕೊಕ್ಕೆ ಸುರಕ್ಷಿತ. ಬೆಳ್ಳಿ ಅಂಗಡಿಯಿಂದಲೇ ತಂದ 92.5 ಬೆಳ್ಳಿಯ ಕೊಕ್ಕೆಯಲ್ಲಿ ಉಳಿದ ಪಾಲು ಸಾಮಾನ್ಯವಾಗಿ ತಾಮ್ರವಾಗಿರುತ್ತದೆ, ಬೆಲೆ ಮಾತ್ರ ಗಿಲೀಟಿಗಿಂತ ಹಲವು ಪಟ್ಟು. ಮಣಿ ಅಂಗಡಿಯಲ್ಲಿ ಸಿಗುವ, 925 ಎಂದು ಒತ್ತಿದ ಅಗ್ಗದ ಕೊಕ್ಕೆಯನ್ನು ಆ ಅಂಕಿ ನೋಡಿ ನಂಬಬೇಡಿ; ಅಂಕಿ ಒತ್ತಲು ಅಚ್ಚೊಂದಿದ್ದರೆ ಸಾಕು. ಹಳೆಯ ಕೊಕ್ಕೆಗೆ ಬಣ್ಣವಿಲ್ಲದ ನೈಲ್ ಪಾಲಿಶ್ ಹಚ್ಚಿಕೊಳ್ಳಿ ಎಂಬ ಸಲಹೆಯನ್ನೂ ಕೇಳಿರುತ್ತೀರಿ. ತೂತಿನೊಳಗೆ ಉಜ್ಜಿ ಉಜ್ಜಿ ಅದು ಕಿತ್ತುಹೋಗುತ್ತದೆ, ಕಿತ್ತುಹೋದದ್ದು ಕಣ್ಣಿಗೆ ಕಾಣುವುದೂ ಇಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ ದಾರಿ ನಮ್ಮ ಹಳೆಯ ಓಲೆ-ಜುಮುಕಿಯದ್ದು. ಅಲ್ಲಿ ಕಿವಿಯೊಳಗೆ ಹೋಗುವುದು ಚಿನ್ನದ ಓಲೆಯ ತಿರುಪು ಮಾತ್ರ, ಜುಮುಕಿ ಓಲೆಯ ಕೆಳಗಿನ ಸಣ್ಣ ಕೊಂಡಿಗೆ ತೂಗುತ್ತದೆ, ಬೇಕಾದಾಗ ಬಿಚ್ಚಿಡಬಹುದು. ಈಗ ನಾನು ಜುಮುಕಿಯ ತಲೆಗೆ ಕೊಕ್ಕೆ ಹಾಕದೆ, ನೈಲಾನ್ ದಾರದಲ್ಲೇ ಮಣಿಯ ಕೊಂಡಿಯೊಂದನ್ನು ಹೆಣೆದು ಕೊಡುತ್ತೇನೆ. ಅವರವರ ಕಿವಿಗೆ ಒಗ್ಗಿರುವ ಚಿನ್ನದ ಓಲೆಗೋ ರಿಂಗಿಗೋ ಅದನ್ನು ಸಿಕ್ಕಿಸಿಕೊಳ್ಳುತ್ತಾರೆ. ತೂಕ ಹೆಚ್ಚಾದರೆ ಓಲೆ ಮುಂದಕ್ಕೆ ಬಾಗುವುದರಿಂದ ಜುಮುಕಿಯನ್ನು ಚಿಕ್ಕದಾಗಿ ಮಾಡಬೇಕಾಗುತ್ತದೆ. ಅಣ್ಣನ ಮಗಳು ಹಾಕಿಕೊಳ್ಳುವುದು ಈಗ ಇವನ್ನೇ.

ಮಾಡಿದ್ದನ್ನು ಮಾರುವವರಿಗೂ ಒಂದು ಮಾತು ಹೇಳಬೇಕಿದೆ. ಅಂಗಡಿಯವರು ಹೇಳಿದ್ದನ್ನೇ ನಂಬಿ ನಿಮ್ಮ ಪೊಟ್ಟಣದ ಮೇಲೆ ‘ನಿಕಲ್ ಫ್ರೀ’ ಎಂದು ಬರೆದರೆ, ನಾಳೆ ದೂರು ಬಂದಾಗ ಉತ್ತರ ಕೊಡಬೇಕಾದವರು ನೀವೇ. ಪ್ರತಿ ಹೊಸ ಪೊಟ್ಟಣದಿಂದ ಎರಡು ಕೊಕ್ಕೆ ತೆಗೆದು, ಒಂದನ್ನು ಹಾಗೇ, ಇನ್ನೊಂದನ್ನು ಅರದಿಂದ ಉಜ್ಜಿ ಪರೀಕ್ಷಿಸಿ. ಪರೀಕ್ಷೆಯ ಆ ರಾಸಾಯನಿಕದ ಒಂದು ಸೀಸೆ ಬಹಳ ಕಾಲ ಬರುತ್ತದೆ, ಅಮೋನಿಯಾದ ಘಾಟು ಇರುವುದರಿಂದ ಕಿಟಕಿ ತೆರೆದಿಟ್ಟು ಮಾಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಈಗಷ್ಟೇ ಕಿವಿ ಚುಚ್ಚಿಸಿಕೊಂಡ ಮಕ್ಕಳಿಗಂತೂ ಗಾಯ ಪೂರ್ತಿ ಮಾಯುವವರೆಗೆ ಆಚಾರಿಯವರು ಹಾಕಿದ ಚಿನ್ನದ ತಂತಿಯನ್ನು ತೆಗೆದು ಬೇರೆ ಓಲೆ ಹಾಕಬೇಡಿ. ಹಸಿ ತೂತಿಗೆ ನಿಕಲ್ ತಾಗುವುದೇ ಈ ಅಲರ್ಜಿ ಬೆಳೆಯುವ ಮುಖ್ಯ ದಾರಿಗಳಲ್ಲಿ ಒಂದು.